ಕುದುರೆ ಯಾರ ಪಾಲಿಗೆ?

ನಾನು ಚಿಕ್ಕವಳಿದ್ದಾಗ ಮುಳ್ಳೂರಿನ ನಮ್ಮ ಅಡುಗೆಮನೆಯಲ್ಲಿ ಒಂದು ಕುದುರೆ ಇತ್ತು. ನಗಬೇಡಿ ಮಕ್ಕಳೇ, ಮರದ ಕುದುರೆ! ತಾತ ಹಲಸಿನ ಮರದಲ್ಲಿ ಕೆತ್ತಿದ್ದ ತುರಿಮಣೆ ಅದು. ಬೆನ್ನೇರಿ ಕೂತು, ಅದರ ಬಾಯಿಂದ ಚಾಚಿದ ಕಬ್ಬಿಣದ ನಾಲಿಗೆಯ ಮೇಲೆ ಕಾಯಿ ತುರಿಯಬೇಕು. ಅಜ್ಜಿ ಸಾಯುವವರೆಗೂ ಅದರ ಮೇಲೆ ಇನ್ನೊಬ್ಬರನ್ನು ಕೂರಗೊಟ್ಟಿರಲಿಲ್ಲ. ಎಣ್ಣೆ ಕುಡಿದೂ ಕುಡಿದೂ ಅದರ ಮೈ ಕಪ್ಪಗೆ ಮಿರಮಿರ ಮಿಂಚುತ್ತಿತ್ತು, ಮೂಸಿದರೆ ಕೊಬ್ಬರಿಯ ವಾಸನೆ ಬರುತ್ತಿತ್ತು.

ಗದ್ದೆಯ ನೀರಿಗಾಗಿ ಜಗಳವಾಗಿ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತುಹೋಗಿತ್ತು. ಕೊನೆಗೆ ಮನೆ ಪಾಲಾಗುವ ದಿನ ಬಂತು. ಊರಿನ ಯಜಮಾನರು ನಡುಮನೆಯಲ್ಲಿ ಬಂದು ಕೂತರು. ದೊಡ್ಡವನು ಪಾಲು ಹಾಕಬೇಕು, ಚಿಕ್ಕವನು ಆರಿಸಿಕೊಳ್ಳಬೇಕು, ಅದು ನಮ್ಮ ಕಡೆಯ ಪದ್ಧತಿ.

ಅಪ್ಪನಿಗೆ ಕುದುರೆಯೆಂದರೆ ಪ್ರಾಣ. ಅದಕ್ಕೇ ಒಂದು ಉಪಾಯ ಹೂಡಿದರು. ಹಿತ್ತಾಳೆಯ ಹಂಡೆ, ಕೊಳಗ, ತಪ್ಪಲೆ ಎಲ್ಲವನ್ನೂ ಒಂದು ಕಡೆ ಪೇರಿಸಿ, ಇನ್ನೊಂದು ಕಡೆ ಕುದುರೆಯೊಂದನ್ನೇ ಇಟ್ಟರು. ಹಿತ್ತಾಳೆ ಬಿಟ್ಟು ಮರವನ್ನು ಯಾರು ಮುಟ್ಟುತ್ತಾರೆ ಎಂದು ಅವರ ಲೆಕ್ಕಾಚಾರ.

"ಆರಿಸ್ಕೊ ಕಣ್ಲಾ," ಎಂದರು ಯಜಮಾನರು.

ಚಿಕ್ಕಪ್ಪ ಎರಡೂ ಪಾಲನ್ನು ಸುತ್ತಿ ಸುತ್ತಿ ನೋಡಿದ. ಒಲೆಯ ಮೇಲೆ ಸಾರು ಕೊತಕೊತ ಕುದಿಯುತ್ತಿದ್ದರೂ ಇಳಿಸಲು ಯಾರೂ ಏಳಲಿಲ್ಲ. ಅಕ್ಕ ನನ್ನ ಕೈಯನ್ನು ನೋಯುವಂತೆ ಹಿಡಿದಿದ್ದಳು. ಕುದುರೆ ಹೋಗಿಬಿಟ್ಟರೆ ಎಂದು ನನಗೆ ಅಳುವೇ ಬಂದಿತ್ತು.

"ನಂಗೆ ಅವ್ವ ಕೂತ್ಕತಿದ್ದ ಕುದ್ರೆ ಸಾಕು. ಅಂಡೆಗಿಂಡೆ ಅಣ್ಣುನ್ಗೇ ಇರ್ಲಿ," ಎಂದುಬಿಟ್ಟ ಚಿಕ್ಕಪ್ಪ.

ಅಪ್ಪ ಇಂಗು ತಿಂದ ಮಂಗನಂತಾದರು. ಅತಿ ಬುದ್ಧಿವಂತಿಕೆ ಮಾಡಿದರೆ ಹಾಗೇ! ಚಿಕ್ಕಪ್ಪ ಕುದುರೆಯನ್ನು ಎತ್ತಿಕೊಂಡು ಗೋಡೆಯಾಚೆಗಿನ ತನ್ನ ಪಾಲಿನ ಮನೆಗೆ ಹೋದ.

ಆಮೇಲೆ ಎಷ್ಟೋ ದಿನ ಕಾಯಿಯಿಲ್ಲದ ಸಾರು ಉಂಡೆವು. ಸಂತೆಯಲ್ಲಿ ಬೇರೆ ತುರಿಮಣೆ ಸಿಗುತ್ತಿತ್ತು, ಅಪ್ಪ ತರಲಿಲ್ಲ. ಒಂದು ಬೆಳಿಗ್ಗೆ ತಾವೇ ಕಾಯಿ ಒಡೆದು, ಎರಡು ಹೋಳು ಹಿಡಿದು ಚಿಕ್ಕಪ್ಪನ ಬಾಗಿಲಲ್ಲಿ ನಿಂತರು. ಬಾಗಿಲು ಹಾಕಿಬಿಡುತ್ತಾನೋ ಏನೋ ಎಂದು ನಾನೂ ಅಕ್ಕನೂ ಹಿಂದಿನಿಂದ ಇಣುಕಿ ನೋಡುತ್ತಿದ್ದೆವು.

"ಬರಾಕೆ ಇಷ್ಟ್ ದಿನ ಬೇಕಾಯ್ತಾ ಅಣ್ಣ?" ಎಂದ ಚಿಕ್ಕಪ್ಪ, ಕುದುರೆಯನ್ನು ಮುಂದಕ್ಕೆ ತಳ್ಳಿ. "ಕೂತ್ಕೊ."

ಅಪ್ಪ ಕೂತು ಕಾಯಿ ತುರಿದರು. ತುರಿಯುತ್ತಲೇ ಅತ್ತರು.

ನೀವು ಅಣ್ಣತಮ್ಮಂದಿರು ಈಗ ಕೊಳ್ಳೇಗಾಲದ ಒಂದೇ ಬೀದಿಯಲ್ಲಿ ಇದ್ದೀರಿ. ಎರಡೂ ಮನೆಯಲ್ಲಿ ಮಿಕ್ಸಿ ಇದೆ, ಗುರ್ರ್ ಅನ್ನಿಸಿದರೆ ಚಟ್ನಿ ಸಿದ್ಧ. ಕಾಯಿ ಹೋಳು ಹಿಡಿದು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಅದಕ್ಕೇ ಮಕ್ಕಳೇ, ನೀವು ಮಾತು ಬಿಟ್ಟರೆ ನನಗೆ ಭಯವಾಗುತ್ತದೆ.