ಬುಟ್ಟಿ ಲೆಕ್ಕದ ತಂಪು

ಗಡಿಬಿಡಿಯಕ್ಕ ನೆಟ್ಟಗೆ ಕೂತಿದ್ದನ್ನು ಆ ಮಾರುಕಟ್ಟೆಯಲ್ಲಿ ಯಾರೂ ಕಂಡಿಲ್ಲ. ಗೋಣಿ ಹಾಸಿ, ಅದರ ಮೇಲೆ ಸೊಪ್ಪಿನ ಕಟ್ಟುಗಳನ್ನು ಹರವಿ, ತಾನು ಮಾತ್ರ ಒಂದು ಮಂಡಿ ಮೇಲೆತ್ತಿಕೊಂಡು ಅರ್ಧ ಕೂರುತ್ತಿದ್ದಳು. ಯಾರಾದರೂ ಕರೆದರೆ ಸಾಕು, ಎದ್ದು ಓಡುವುದಕ್ಕೆ ತಯಾರು. ಒಂದು ಕೈ ನೀರು ಚಿಮುಕಿಸುತ್ತಿದ್ದರೆ ಇನ್ನೊಂದು ಕೈ ಕಟ್ಟುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ ಇದು, ಸೊಪ್ಪು ಕಲಿಸಿದ ಚಟ. ಬೆಳಿಗ್ಗೆ ತಲೆಯೆತ್ತಿ ನಿಂತ ಸೊಪ್ಪು ಮಧ್ಯಾಹ್ನಕ್ಕೆ ಕತ್ತು ಬಗ್ಗಿಸುತ್ತದೆ, ಸಂಜೆಗೆ ನೆಲ ಕಚ್ಚುತ್ತದೆ. ಅದರ ಜೊತೆ ಬದುಕುವವಳು ಹಾಯಾಗಿ ಕೂರುವುದಾದರೂ ಹೇಗೆ ಹೇಳಿ?

ಸಂಜೆಯ ಗಿರಾಕಿಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆ ತುಂಬಿದ ಜನ, ಕೈ ಹಿಂದೆ ಕಟ್ಟಿಕೊಂಡು ಮಾರುಕಟ್ಟೆಯನ್ನು ಸುತ್ತು ಹಾಕುತ್ತಾ ಕಾಯುತ್ತಿದ್ದರು. ಕತ್ತಲಾಗಲಿ, ಸೊಪ್ಪಿನವಳು ಸೋಲಲಿ ಎಂದು! ಸೋಲದೆ ಏನು ಮಾಡುತ್ತಾಳೆ? ಕೇಳಿದ ಬೆಲೆಗೆ ಕೊಟ್ಟು, ಉಳಿದದ್ದನ್ನು ಮೋರಿಗೆ ಸುರಿದು, ಮಾರನೇ ದಿನ ಸಗಟು ವ್ಯಾಪಾರಿಯ ಹತ್ತಿರ ಮತ್ತೆ ಚೂರುಪಾರು ಖರೀದಿ. ಒಟ್ಟಿಗೆ ಕೊಂಡರೆ ಅಗ್ಗ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಂಡು ಇಡುವುದೆಲ್ಲಿ? ಇಡಲು ಜಾಗವಿಲ್ಲದವರು ದುಬಾರಿಗೆ ಕೊಳ್ಳಬೇಕು, ಅಗ್ಗಕ್ಕೆ ಮಾರಬೇಕು. ಪಕ್ಕದ ಗೋಣಿಯ ದ್ರಾಕ್ಷಿಯವಳ ಪಾಡೂ ಇದೇ. ಇಬ್ಬರೂ ಒಂದೇ ಬುತ್ತಿ ಹಂಚಿಕೊಂಡು ತಿಂದು, ಒಂದೇ ಬಾಯಲ್ಲಿ ಸಂಜೆ ಗಿರಾಕಿಗಳನ್ನು ಶಪಿಸಿಕೊಂಡು ಬಂದವರು.

ಊರ ಹೊರಗೆ ದೊಡ್ಡ ಶೀತಲ ಗೋದಾಮು ಇತ್ತು. ಒಂದು ದಿನ ಇಬ್ಬರೂ ಉಳಿದ ಮಾಲನ್ನು ತಲೆ ಮೇಲಿಟ್ಟುಕೊಂಡು ಅಲ್ಲಿಗೇ ಹೋದರು. ಗೇಟಿನ ಕಾವಲುಗಾರ ಅವರ ಹಿಂದೆ ಬಗ್ಗಿ ನೋಡಿದ.

“ಲಾರಿ ಎಲ್ಲಮ್ಮಾ?”

“ಲಾರಿ ಇಲ್ಲ, ಬುಟ್ಟಿ ಇದೆ. ಬಾಡಿಗೆ ಎಷ್ಟಾಗುತ್ತೋ ಕೊಡ್ತೀವಿ,” ಎಂದಳು ಗಡಿಬಿಡಿಯಕ್ಕ.

“ಬುಟ್ಟಿಗೆಲ್ಲ ಈ ಬಾಗಿಲು ತೆಗೆಯಲ್ಲ. ಲಾರಿ ತಗೊಂಡು ಬನ್ನಿ,” ಎಂದು ಅವನು ನಕ್ಕ. ಕೆಟ್ಟವನೇನಲ್ಲ, ಅವನಿಗೆ ಅದು ನಿಜವಾಗಿಯೂ ತಮಾಷೆಯಾಗಿ ಕಂಡಿತ್ತು.

ಅಂದಿನಿಂದ ಅವಳು ಮೈದುನನ ತಲೆ ತಿನ್ನತೊಡಗಿದಳು. ಮೈದುನ ಫ್ರಿಜ್ ಮೆಕ್ಯಾನಿಕ್. ಗಂಡ ತೀರಿಕೊಂಡ ಮೇಲೆ ಅವಳು, ಅತ್ತೆ, ಮೈದುನ ಮೂವರೂ ಒಂದೇ ಮನೆಯಲ್ಲಿದ್ದರು. ಅವನು ಊಟಕ್ಕೆ ಕೂತರೂ ಅದೇ ಮಾತು, ಮುಖ ತೊಳೆಯುವಾಗಲೂ ಅದೇ ಮಾತು: ಲಾರಿಗೆ ಸಿಗುವ ತಂಪು ಬುಟ್ಟಿಗೆ ಯಾಕೆ ಸಿಗಬಾರದು? ಕೊನೆಗೆ ಅವನು ಬೇಸತ್ತು ಗುಜರಿ ಅಂಗಡಿಯಿಂದ ಒಂದು ಹಳೆಯ ಐಸ್‌ಕ್ರೀಮ್ ವ್ಯಾನಿನ ಹಿಂದಿನ ದೊಡ್ಡ ಡಬ್ಬಿ ಹುಡುಕಿ ತಂದ. ವ್ಯಾನು ಎಲ್ಲೋ ಗುದ್ದಿ ನುಜ್ಜುಗುಜ್ಜಾಗಿತ್ತು, ಡಬ್ಬಿ ಮಾತ್ರ ಗಟ್ಟಿಯಾಗಿತ್ತು. ಮೈದುನ ಅದಕ್ಕೆ ತಂಪು ಮಾಡುವ ಮೆಷಿನ್ ಜೋಡಿಸಿದ. ಅವಳ ಚೀಟಿ ಹಣವೆಲ್ಲ ಅದಕ್ಕೇ ಕರಗಿತು. ಮನೆಯ ಮುಂದಿನ ಅಂಗಳದಲ್ಲಿ, ಅತ್ತೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದ ಜಾಗದಲ್ಲೇ ಡಬ್ಬಿ ಬಂದು ಕೂತಿತು. ಅತ್ತೆ ಮುಖ ಊದಿಸಿಕೊಂಡರು.

ಮಾರುಕಟ್ಟೆಯವರಿಂದ ಬುಟ್ಟಿಗಿಷ್ಟು ಬಾಡಿಗೆ ಎಂಬ ಮಾತು ಕಿವಿಗೆ ಬಿದ್ದಾಗಲಂತೂ ಅವರು ಸುಮ್ಮನಿರಲಿಲ್ಲ. “ಇಲ್ಲದವರ ಹತ್ರ ಕೀಳೋಕೆ ಹೊರಟಿದೀಯಲ್ಲ, ನಿನಗೆ ಮನಸ್ಸಾದ್ರೂ ಹೇಗೆ ಬರುತ್ತೆ? ಜೊತೇಲಿ ಕೂತು ಮಾರೋರು ಅವರು!”

“ಅತ್ತೆ, ಅವರು ದಿನಾ ಮೋರಿಗೆ ಸುರಿಯೋದರಲ್ಲಿ ಒಂದು ಪಾಲು ಕೇಳ್ತಿದೀನಿ ಅಷ್ಟೇ. ಅದೂ ಮಾರಿದ ಮೇಲೆ. ಪುಕ್ಕಟೆ ಇಟ್ಟುಕೊಂಡೆ ಅನ್ನಿ, ಮೊದಲನೇ ಕರೆಂಟ್ ಬಿಲ್ಲಿಗೇ ಡಬ್ಬಿಗೆ ಬೀಗ. ಆಮೇಲೆ ಅವರೆಲ್ಲಿ ಹೋಗ್ತಾರೆ? ನನಗೆ ನಾಲ್ಕು ಕಾಸು ಉಳಿದ್ರೆ ತಾನೇ ನಾಳೆನೂ ಬಾಗಿಲು ತೆಗೆಯೋದು?”

“ಮಾತಿಗೇನು ಕಮ್ಮಿ ಇಲ್ಲ,” ಎಂದರು ಅತ್ತೆ.

ಹೀಗೆ ಬುಟ್ಟಿ ಲೆಕ್ಕದಲ್ಲಿ ತಂಪು ಮಾರುವ ವ್ಯಾಪಾರ ಶುರುವಾಯಿತು. ಶುರುವಾಗಿ ಮುಗಿದೇ ಹೋಗುವುದರಲ್ಲಿತ್ತು ಕೂಡ! ಯಾಕೆಂದರೆ ಇಟ್ಟ ಬುಟ್ಟಿ ಕಣ್ಣಿಗೆ ಕಾಣದಿದ್ದರೆ ಮಾರುಕಟ್ಟೆಯವರಿಗೆ ಜೀವ ನಿಲ್ಲುವುದಿಲ್ಲ. ಟೊಮೇಟೊದವಳು ಬಂದು “ಒಂದ್ಸಲ ಇಣುಕಿ ಹೋಗ್ತೀನಿ” ಎನ್ನುತ್ತಿದ್ದಳು. ಹುರುಳಿಕಾಯಿಯ ಮುದುಕ ಕೈ ಹಾಕಿ ತಣ್ಣಗಿದೆಯೇ ಎಂದು ನೋಡದೆ ಹೋಗುತ್ತಿರಲಿಲ್ಲ. ಅವರು ಹೋದ ಮೇಲೆ ಗಡಿಬಿಡಿಯಕ್ಕ ತಾನೇ ಬಾಗಿಲು ಸರಿಸಿ, ಕೈ ತೂರಿಸಿ, ಎಲೆಗಳನ್ನು ಮುಟ್ಟಿ ನೋಡುತ್ತಿದ್ದಳು. ಮೈದುನ ಹೊರಗಡೆ ಅಂಕಿ ತೋರಿಸುವ ಪುಟ್ಟ ಪರದೆ ಹಾಕಿಕೊಟ್ಟಿದ್ದ. “ಅಂಕಿ ಏನು ಬೇಕಾದ್ರೂ ಹೇಳುತ್ತೆ. ಸೊಪ್ಪು ಹೇಳಬೇಕಲ್ಲ?” ಎಂದು ಮತ್ತೆ ಬಾಗಿಲು ತೆಗೆಯುತ್ತಿದ್ದಳು. ಒಂದು ವಾರದಲ್ಲಿ ಬುಟ್ಟಿಗಳೆಲ್ಲ ಬೆವೆತು ಬಾಡಿದವು. ಜನ ಮೂಗು ಮುರಿದರು. ನಷ್ಟವಾದವರಿಗೆಲ್ಲ ಅವಳು ಕೈಯಿಂದ ತುಂಬಿಕೊಡಬೇಕಾಯಿತು.

ಮೈದುನ ಮೆಷಿನ್ ಬಿಚ್ಚಿ ನೋಡಿ, ಮತ್ತೆ ಜೋಡಿಸಿ, ಕೈ ಒರೆಸಿಕೊಂಡ. “ಅತ್ತಿಗೆ, ಮೆಷಿನ್ನಿಗೆ ಏನೂ ಆಗಿಲ್ಲ. ರಿಪೇರಿ ಆಗಬೇಕಾಗಿರೋದು ನಿಮ್ಮ ಕೈ.”

ಅಂದು ಕಟ್ಟುನಿಟ್ಟು ಬಂತು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಬಾಗಿಲು. ನಡುವೆ ಯಾರು ಬಂದರೂ ಇಲ್ಲ. ಒಳಗಿನ ಒಳ್ಳೆಯ ಜಾಗವೆಲ್ಲ ಬಾಡಿಗೆ ಕೊಡುವವರಿಗೆ, ಬಾಗಿಲಿನ ಪಕ್ಕದ, ಬಿಸಿಗಾಳಿ ಮೊದಲು ಬಡಿಯುವ ಮೂಲೆ ಅವಳ ಸೊಪ್ಪಿಗೆ. ಬೇರೆಯವರಿಂದ ಬಾಡಿಗೆ ತೆಗೆದುಕೊಂಡು ಒಳ್ಳೆಯ ಜಾಗ ತಾನು ಹಿಡಿದರೆ ಚೆನ್ನಾಗಿರುತ್ತದೆಯೇ ಎನ್ನುವುದು ಅವಳ ಲೆಕ್ಕ.

ಆಮೇಲೆ ನೋಡಿ, ಡಬ್ಬಿ ಕೈ ಹಿಡಿಯಿತು. ಟೊಮೇಟೊದವಳು ಪೆಟ್ಟಿಗೆಗಟ್ಟಲೆ ಕೊಳ್ಳತೊಡಗಿದಳು. ಹುರುಳಿಕಾಯಿಯ ಮುದುಕ ಹೊಸ ತಕ್ಕಡಿ ತಂದು ಎಲ್ಲರಿಗೂ ತೋರಿಸಿದ. ದ್ರಾಕ್ಷಿಯವಳ ಮನೆಯ ಸೋರುವ ಮಾಡಿಗೆ ಹೊಸ ತಗಡು ಬಂತು. ಬೆಳಿಗ್ಗೆ ಮಾರುಕಟ್ಟೆ, ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆ ಗೇಟು ಎಂದು ದ್ರಾಕ್ಷಿಯವಳು ಎರಡು ಕಡೆ ವ್ಯಾಪಾರ ಹಚ್ಚಿದಳು. ಸಂಜೆ ಗಿರಾಕಿಗಳು ಕೈ ಹಿಂದೆ ಕಟ್ಟಿಕೊಂಡು ಬಂದರೆ ಮಾರುಕಟ್ಟೆಯವರು ಬುಟ್ಟಿ ಎತ್ತಿ ಡಬ್ಬಿಯ ಕಡೆ ನಡೆಯುತ್ತಿದ್ದರು. ಆ ಗಿರಾಕಿಗಳ ಪೆಚ್ಚು ಮುಖ ನೋಡುವುದಕ್ಕೇ ಗಡಿಬಿಡಿಯಕ್ಕ ಬೇಕೆಂದೇ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಅವಳಿಗೂ ಲಾಭವಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ, ಅದಕ್ಕೆ ನಾಚಲೂ ಇಲ್ಲ. ಚಡಪಡಿಕೆ ಮಾತ್ರ ಹೋಗಲಿಲ್ಲ. ಮೊದಲು ತನ್ನ ಒಂದು ಬುಟ್ಟಿಯ ಚಿಂತೆ ಇತ್ತು, ಈಗ ಬೀದಿಯ ಬುಟ್ಟಿಗಳ ಚಿಂತೆಯೆಲ್ಲ ಅವಳದೇ. ಮಾತಾಡುತ್ತಿದ್ದರೂ ಒಂದು ಕಿವಿ ಮೆಷಿನ್ನಿನ ಗುಂಯ್ ಎನ್ನುವ ಸದ್ದಿನ ಕಡೆಗೇ ಇರುತ್ತಿತ್ತು.

ಆ ಸದ್ದು ನಿಂತದ್ದು ದೊಡ್ಡ ಸಂತೆಯ ಹಿಂದಿನ ದಿನ.

ಮರುದಿನದ ವ್ಯಾಪಾರಕ್ಕೆಂದು ಎಲ್ಲರೂ ತುಂಬಿಸಿದ್ದರು. ಡಬ್ಬಿಯಲ್ಲಿ ಒಂದು ನಿಂಬೆಹಣ್ಣಿಗೂ ಜಾಗವಿರಲಿಲ್ಲ. ಬೆಳಗಿನ ಬಾಗಿಲು ಹಾಕಿ ಸ್ವಲ್ಪ ಹೊತ್ತಾಗಿತ್ತು, ಮೆಷಿನ್ನು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಸುಟ್ಟ ವಾಸನೆ ಬಂತು. ಪರದೆಯ ಅಂಕಿಯೂ ಆರಿ ಕಪ್ಪಾಯಿತು. ಗಡಿಬಿಡಿಯಕ್ಕ ಮೈದುನನನ್ನು ಕರೆಯಲು ಓಡಿದಳು.

ಮೈದುನ ಬಂದು ನೋಡಿದ. ಮೋಟಾರು ಸುಟ್ಟಿತ್ತು, ಬದಲಿ ಮೋಟಾರಿಗೆ ಪಕ್ಕದ ಊರಿಗೆ ಹೋಗಬೇಕಿತ್ತು. “ಸಂಜೆ ಒಳಗೆ ಬರ್ತೀನಿ. ಅಲ್ಲೀವರೆಗೆ ಬಾಗಿಲು ಮುಟ್ಟಬೇಡಿ ಅತ್ತಿಗೆ. ಮುಟ್ಟದಿದ್ರೆ ಒಳಗಿನ ತಂಪು ಒಳಗೇ ಇರುತ್ತೆ. ಒಂದ್ಸಲ ತೆಗೆದ್ರಿ ಅಂದ್ರೆ, ಮುಗೀತು. ಆಮೇಲೆ ನಾನು ಮೋಟಾರ್ ತಂದೂ ದಂಡ.”

“ತೆಗೆಯಲ್ಲ ಕಣೋ, ಹೋಗು.”

“ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇಲ್ಲ.”

ಅವಳಿಗೂ ಇರಲಿಲ್ಲ. ಅದಕ್ಕೇ ಒಳಗೆ ಹೋಗಿ ಡಬ್ಬಿಯ ಬೀಗದ ಕೈಯನ್ನು ಅತ್ತೆಯ ಕೈಯಲ್ಲಿ ಹಾಕಿದಳು. “ನಾನೇ ಬಂದು ಕೇಳಿದ್ರೂ ಕೊಡ್ಬೇಡಿ.” ಅತ್ತೆ ಅವಳ ಮುಖವನ್ನೊಮ್ಮೆ ನೋಡಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಬಿಸಿಲು ಏರಿತು. ಅಂಗಳ ಕಾದ ಹೆಂಚಾಯಿತು. ಅವಳು ಡಬ್ಬಿಯ ಸುತ್ತ ಸುತ್ತಿದಳು. ಗೋಣಿಗಳನ್ನು ಒದ್ದೆ ಮಾಡಿ ತಗಡಿನ ಮೇಲೆ ಹೊದಿಸಿದಳು. ಗೋಣಿ ಒಣಗುವ ಮೊದಲೇ ಮತ್ತೆ ನೀರು ಸುರಿದಳು. ಬಾಗಿಲಿಗೆ ಕೆನ್ನೆ ಹಚ್ಚಿ ನೋಡಿದಳು. ಬಿಸಿ! ತಗಡು ಬಿಸಿಯಾಗಿದೆಯೋ, ಒಳಗೇ ಬಿಸಿಯಾಗಿದೆಯೋ, ಅದನ್ನು ಹೇಳುವವರು ಯಾರು? ಒಂದೇ ಒಂದು ಸಲ ಕೈ ತೂರಿಸಿ ನೋಡಿದರೆ ಏನಾಗುತ್ತದೆ? ಬೆರಳಷ್ಟು ಸಂದು ಸಾಕು. ಕಾಲು ತಾನಾಗಿಯೇ ಮನೆಯೊಳಗೆ ಹೋಯಿತು.

“ಅತ್ತೆ, ಕೀಲಿಕೈ ಕೊಡಿ.”

ಅತ್ತೆ ತಲೆ ಎತ್ತಲಿಲ್ಲ. “ಬೆಳಿಗ್ಗೆ ಬುದ್ಧಿ ಇದ್ದವಳೊಬ್ಬಳು ಬಂದು ಕೊಟ್ಟು ಹೋಗಿದಾಳೆ. ಅವಳೇ ಬಂದು ಕೇಳಲಿ, ಕೊಡ್ತೀನಿ.”

ಅವಳು ಹಲ್ಲು ಕಡಿಯುತ್ತಾ ಹೊರಗೆ ಬಂದಳು. ಅಷ್ಟರಲ್ಲಿ ಅಂಗಳದಲ್ಲಿ ದ್ರಾಕ್ಷಿಯವಳು ನಿಂತಿದ್ದಳು, ಮಧ್ಯಾಹ್ನದ ಬಾಗಿಲಿಗೆ ಬಂದಿದ್ದಳು. ಕಾರ್ಖಾನೆಯ ಪಾಳಿ ಬಿಡುವ ಹೊತ್ತು ಹತ್ತಿರವಾಗಿತ್ತು.

“ಇವತ್ತು ತೆಗೆಯಲ್ಲ ಕಣೆ. ಮೋಟಾರ್ ಸುಟ್ಟಿದೆ. ಸಂಜೆವರೆಗೆ ತಡಿ.”

“ಸುಟ್ಟಿದೆಯಾ! ಹಾಗಾದ್ರೆ ನನ್ನ ಬುಟ್ಟಿ ಮೊದಲು ಕೊಡು. ಗೇಟಿಗೆ ಹೋಗಬೇಕು ನಾನು.”

“ನಿನಗೆ ತೆಗೆದ್ರೆ ಎಲ್ಲರದೂ ಹಾಳಾಗುತ್ತೆ.”

“ನಂದು ನಂಗೆ ಕೊಡು ಅಂದೆ. ಎಲ್ಲರದೂ ಕಟ್ಟಿಕೊಂಡು ನನಗೇನಾಗ್ಬೇಕು?”

ಮಾತು ಏರಿತು. ಮೆಷಿನ್ ನಿಂತ ಸುದ್ದಿ ಹೇಗೆ ಹಬ್ಬಿತೋ, ಟೊಮೇಟೊದವಳು ಏದುಸಿರು ಬಿಡುತ್ತಾ ಬಂದಳು, ಹುರುಳಿಕಾಯಿಯ ಮುದುಕ ಬಂದ, ಇನ್ನೂ ಯಾರು ಯಾರೋ ಬಂದರು. ಅಂಗಳ ತುಂಬಿತು. ತೆಗಿ, ತೆಗಿ ಎಂದು ಒಂದೇ ಗಲಾಟೆ. ಸಂತೆಗೆಂದು ಕೊಂಡ ಮಾಲು, ಅವರ ಕೈಯಲ್ಲಿದ್ದುದೆಲ್ಲ ಆ ಡಬ್ಬಿಯೊಳಗಿತ್ತು. ಅವರನ್ನು ಬೈಯುವ ಹಾಗೂ ಇರಲಿಲ್ಲ. ಅವಳೇ ಆ ಜಾಗದಲ್ಲಿದ್ದಿದ್ದರೆ ಎಲ್ಲರಿಗಿಂತ ಮುಂದೆ ನಿಂತು ಕಿರುಚುತ್ತಿದ್ದಳು.

ದ್ರಾಕ್ಷಿಯವಳ ಕಣ್ಣು ಕೆಂಪಾಗಿತ್ತು. “ಆ ಗೋದಾಮಿನ ಗೇಟಲ್ಲಿ ಇಬ್ಬರೂ ಒಟ್ಟಿಗೆ ನಿಂತಿದ್ವಿ, ನೆನಪಿದೆಯಾ? ಬುಟ್ಟಿಗೆ ಬಾಗಿಲು ತೆಗೆಯಲ್ಲ ಅಂದ ಅವನು. ಈಗ ನೀನೂ ಅದನ್ನೇ ಅಂತಿದೀಯ. ಅವನಿಗೂ ನಿನಗೂ ಏನೇ ವ್ಯತ್ಯಾಸ?”

ಆ ಮಾತು ನೇರ ಎದೆಗೇ ನಾಟಿತು.

ಗಲಾಟೆ ಕೇಳಿ ಅತ್ತೆ ಹೊಸಿಲಿಗೆ ಬಂದರು. ಕೀಲಿಕೈ ಮುದುಕಿಯ ಹತ್ತಿರ ಇದೆಯೆಂದು ಯಾರೋ ಕೂಗಿದರು. ನಾಲ್ಕು ಜನ ಅತ್ತ ತಿರುಗಿದರು. ಅತ್ತೆ ಗಾಬರಿಬೀಳಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಸೊಸೆಯ ಅಂಗೈಯಲ್ಲಿಟ್ಟರು. “ತಗೋ. ವ್ಯಾಪಾರ ನಿಂದು, ಜನಾನೂ ನಿನ್ನವರೇ. ಮುಚ್ಚಿಟ್ಟುಕೊಂಡೋಳು ಮುದುಕಿ ಅನ್ನೋ ಮಾತು ನನಗೆ ಬೇಡ.”

ಅವಳು ಕೀಲಿಕೈ ನೋಡಿದಳು, ಬಾಗಿಲು ನೋಡಿದಳು. ಅವಳ ಕೈಯೇ ಅವಳಿಗೆ ಶತ್ರುವಾಗಿ ತುರಿಸುತ್ತಿತ್ತು. ತೆಗೆದರೆ ಈ ಕ್ಷಣಕ್ಕೆ ಎಲ್ಲರಿಗೂ ಸಮಾಧಾನವಾಗುತ್ತದೆ, ಗೆಳತಿ ಬುಟ್ಟಿ ಎತ್ತಿಕೊಂಡು ಗೇಟಿಗೆ ಓಡುತ್ತಾಳೆ. ಉಳಿದವರ ಸಂತೆಯ ಮಾಲು ಬೆಳಗಾಗುವುದರೊಳಗೆ ಕೊಳೆಯುತ್ತದೆ. ತೆಗೆಯದೆ ಸಂಜೆ ನೋಡುವಾಗ ಒಳಗೆಲ್ಲ ಕೊಳೆತಿದ್ದರೆ? ಈ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗೂ ಇಲ್ಲ.

ಅವಳು ಬಾಗಿಲ ಹತ್ತಿರ ಹೋದಳು. ಬಾಗಿಲಿಗೆ ಬೆನ್ನು ಹಚ್ಚಿ, ಎರಡೂ ಕಾಲು ಚಾಚಿ, ನೆಲದ ಮೇಲೆ ಪೂರ್ತಿ ಕೂತುಬಿಟ್ಟಳು.

“ಅವನು ಬಾಗಿಲು ಮುಚ್ಚಿದ್ದು ನಿನ್ನ ಬುಟ್ಟಿ ಹೊರಗಿಟ್ಟು. ನಾನು ಒಳಗಿಟ್ಟುಕೊಂಡು ಮುಚ್ಚಿದೀನಿ,” ಎಂದಳು. “ಕೆಟ್ಟಿದ್ರೆ ಈ ಡಬ್ಬಿ ಮಾರಿ ಎಲ್ಲರಿಗೂ ತುಂಬಿಕೊಡ್ತೀನಿ. ನನ್ನನ್ನ ಎಳೆದು ಹಾಕಿ ಬೇಕಾದ್ರೆ ತೆಗೀರಿ. ನಾನಾಗಿ ತೆಗೆಯಲ್ಲ.”

ಯಾರೂ ಎಳೆಯಲಿಲ್ಲ. ಕಾರ್ಖಾನೆಯ ಸೈರನ್ ಕೂಗಿದ್ದು ದೂರದಿಂದ ಕೇಳಿಸಿತು. ದ್ರಾಕ್ಷಿಯವಳು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅವಳ ಆ ದಿನದ ಗೇಟಿನ ವ್ಯಾಪಾರ ಹೋಯಿತು. ಜನ ಬೈಯುತ್ತಾ, ಗೊಣಗುತ್ತಾ ನೆರಳು ಸಿಕ್ಕಲ್ಲಿ ಉಳಿದರು. ಹುರುಳಿಕಾಯಿಯ ಮುದುಕ ಮಾತ್ರ ಎದ್ದು ಹೋಗಿ ಗೋಣಿಗೆ ಒಂದು ಬಕೆಟ್ ನೀರು ಸುರಿದು ಬಂದ.

ಮೈದುನ ಬಂದಾಗ ಬಿಸಿಲು ಇಳಿದಿತ್ತು. ಮೋಟಾರು ಕೂರಿಸಿದ, ಗುಂಯ್ ಎನ್ನುವ ಸದ್ದು ಬಂತು. ಗಡಿಬಿಡಿಯಕ್ಕ ಏಳಲು ಹೋದರೆ ಕಾಲು ಜೋಮು ಹಿಡಿದಿತ್ತು. ಕೂತು ಅಭ್ಯಾಸವಿರಲಿಲ್ಲ, ಪಾಪ. ಗೋಡೆ ಹಿಡಿದು ಎದ್ದು ಬೀಗ ತೆಗೆದಳು.

ಹೊರಗೆ ನಿಂತವರ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಯಾರೋ “ಅಬ್ಬಾ!” ಎಂದರು. ಟೊಮೇಟೊ ಗಟ್ಟಿಯಾಗಿತ್ತು, ಹುರುಳಿಕಾಯಿ ಮುರಿದರೆ ಟಕ್ ಎನ್ನುತ್ತಿತ್ತು. ದ್ರಾಕ್ಷಿಯ ಮೇಲಿನ ಬೂದಿಯಂಥ ಪೊರೆ ಕೂಡ ಅಳಿಸಿರಲಿಲ್ಲ. ಕೆಟ್ಟದ್ದು ಒಂದೇ, ಬಾಗಿಲ ಪಕ್ಕದ ಬುಟ್ಟಿ. ಅದರ ಸೊಪ್ಪು ಬೆಂದಂತೆ ಕಪ್ಪಾಗಿ ತಳ ಸೇರಿತ್ತು.

“ಇದು ಯಾರದು?” ಎಂದಳು ದ್ರಾಕ್ಷಿಯವಳು.

“ನಂದೇ ಬಿಡು,” ಎಂದು ಗಡಿಬಿಡಿಯಕ್ಕ ಅದನ್ನೆತ್ತಿಕೊಂಡು ಮೋರಿಯ ಕಡೆ ಹೋದಳು. ದ್ರಾಕ್ಷಿಯವಳು ತನ್ನ ಬುಟ್ಟಿಯನ್ನು ಸಂತೆಗೆಂದು ಒಳಗೇ ಬಿಟ್ಟು, ತಲೆ ತಗ್ಗಿಸಿಕೊಂಡು ಮನೆಗೆ ನಡೆದಳು.

ಸಂತೆ ಮುಗಿದು ಎಷ್ಟೋ ದಿನ ಇಬ್ಬರ ನಡುವೆ ಸರಿಯಾಗಿ ಮಾತಿರಲಿಲ್ಲ. ದ್ರಾಕ್ಷಿಯವಳು ಬಂದು ಬುಟ್ಟಿ ಇಡುವಳು, ಬಾಡಿಗೆ ಕೊಡುವಳು, ಹೋಗುವಳು. ಗಡಿಬಿಡಿಯಕ್ಕನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಬುತ್ತಿ ಒಬ್ಬಳಿಗೇ ಸೇರುತ್ತಿರಲಿಲ್ಲ. ಹೊಸ ಮೋಟಾರಿನ ಸದ್ದು ಬೇರೆ ಹಳೆಯದರ ಹಾಗಿರದೆ ಅವಳ ಜೀವ ತಿನ್ನುತ್ತಿತ್ತು. ಒಂದು ಮಧ್ಯಾಹ್ನ, ಬಾಗಿಲು ತೆಗೆಯುವ ಹೊತ್ತಿಗೆ ಇನ್ನೂ ಸಮಯವಿತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ. ಅವಳು ಆಚೀಚೆ ನೋಡಿ, ಒಂದೇ ಒಂದು ಸಲ ಎಂದುಕೊಂಡು, ಚಿಲಕಕ್ಕೆ ಕೈ ಹಾಕಿದಳು.

ಹಿಂದಿನಿಂದ ಚಟೀರೆಂದು ಕೈ ಮೇಲೆ ಏಟು ಬಿತ್ತು. ತಿರುಗಿ ನೋಡಿದರೆ ದ್ರಾಕ್ಷಿಯವಳು, ಕಂಕುಳಲ್ಲಿ ಬುತ್ತಿಯ ಗಂಟು.

“ಕೈ ತೆಗಿಯೇ,” ಎಂದಳು. “ಒಳಗೆ ನನ್ನ ದ್ರಾಕ್ಷಿ ಇದೆ.”