ಸಿಡಿಯದ ಕುಳಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಾಮನಕಲ್ಲೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಮಾವನ ಎದುರು ಬಾಯಿಗೆ ಬೀಗ ಹಾಕಿಕೊಂಡಿರುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಮಾವನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ನಿಜಾಮನ ಕಾಲದಲ್ಲಿ ಬಾಯಿಮಾತು ನಂಬಿ ಒಂದು ಹೊಲ ಕಳೆದುಕೊಂಡಿದ್ದರು. ಅಂದಿನಿಂದ ಎತ್ತು ಬಾಡಿಗೆಗೆ ಕೊಟ್ಟರೂ ಕಾಗದ ಬರೆಸುತ್ತಿದ್ದರು.

ನಿಜಾಮನ ಆಳ್ವಿಕೆ ಹೋದ ಮರುವರ್ಷ ಹಿತ್ತಲಲ್ಲಿ ಬಾವಿ ತೋಡಿಸಿದರು. ಎರಡಾಳುದ್ದ ಮಣ್ಣು ತೆಗೆದ ಮೇಲೆ ಬಂಡೆ ಸಿಕ್ಕಿತು. ಕಾಲುವೆ ಕೆಲಸದಲ್ಲಿ ಕಲ್ಲು ಸಿಡಿಸುತ್ತಿದ್ದ ತೆಲುಗು ಸೀಮೆಯ ಗುತ್ತೇದಾರನೊಬ್ಬನನ್ನು ಗೊತ್ತುಮಾಡಿ, ಲಿಂಗಸುಗೂರಿನ ಕಚೇರಿ ಮುಂದೆ ಕೂತು ಛಾಪಾ ಕಾಗದದ ಮೇಲೆ ಕರಾರು ಬರೆಸಿದರು. ಮದ್ದು ತುಂಬಲು ಬಂಡೆಗೆ ಕೊರೆಯುವ ಕುಳಿಗಳಲ್ಲಿ ಸಿಡಿದ ಕುಳಿಗೆ ಮಾತ್ರ ಮಜೂರಿ ಎಂದು ಮಾವ ಒಂದು ಸಾಲು ಸೇರಿಸಿದರು. ಹಾಗಾದರೆ ಸಿಡಿಯದ ಕುಳಿಗೆ ತಾನು ಜಿಮ್ಮೇದಾರನಲ್ಲ, ಅದು ಬಾವಿಯ ಧಣಿಯದು ಎಂದು ಗುತ್ತೇದಾರ ಇನ್ನೊಂದು ಸಾಲು ಸೇರಿಸಿದ. ಸಿಡಿಯದ ಕುಳಿ ಯಾರಿಗೆ ಬೇಕು ಎಂದು ಮಾವ ನಕ್ಕು ಸಹಿ ಹಾಕಿದರಂತೆ. ಮನೆಗೆ ಬಂದು ಅದನ್ನು ಎಲ್ಲರಿಗೂ ಹೇಳಿ ಇನ್ನೊಮ್ಮೆ ನಕ್ಕರು.

ಗುತ್ತೇದಾರ ಬಂಡೆಗೆ ಐದು ಕುಳಿ ಕೊರೆದು, ಡೈನಮೈಟ್ ಮದ್ದು ತುಂಬಿ, ಬತ್ತಿ ಹಚ್ಚಿದ. ನಾವೆಲ್ಲ ದನದ ಕೊಟ್ಟಿಗೆಯಲ್ಲಿ ಕೂತಿದ್ದೆವು. ನಾಲ್ಕು ಸದ್ದು ಕೇಳಿತು. ಐದನೆಯದಕ್ಕಾಗಿ ಕಾದೆವು, ಕಾದೇ ಕಾದೆವು. ಮರುದಿನ ಅವನು ಬಗ್ಗಿ ನೋಡಿ, ಬಡಗಣ ಮೂಲೆಯ ಕುಳಿ ಸತ್ತಿಲ್ಲ, ಮಲಗಿದೆ, ಅದರ ಹತ್ತಿರ ಹಾರೆ ಹಾಕಬೇಡಿ ಎಂದ. ನೀನೇ ತೆಗೆದುಕೊಡು ಎಂದು ಮಾವ ಕೇಳಿದರೆ ಕರಾರಿನ ಮೇಲೆ ಬೆರಳಿಟ್ಟ. ಮಜೂರಿ ತೆಗೆದುಕೊಂಡು ಹೋದವನು ಮತ್ತೆ ನಮ್ಮೂರ ಕಡೆ ಸುಳಿಯಲಿಲ್ಲ.

ಅಷ್ಟರಲ್ಲಿ ಬಂಡೆಯ ಸಂದಿಯಿಂದ ಸಿಹಿನೀರು ಬಂದು ಕುಳಿ ಮುಳುಗಿತು. ಅದೇ ನೀರು ಕುಡಿದೆವು, ಅದರಲ್ಲೇ ಬೇಳೆ ಬೇಯಿಸಿದೆವು. ಕೊಡ ತಳಕ್ಕೆ ಬಡಿದಾಗಲೆಲ್ಲ ನಾನು ಬಾವಿಯಿಂದ ಹಿಂದೆ ಸರಿಯುತ್ತಿದ್ದೆ. ಹೆದರಿಕೆ ಎಂದರೆ ಅತ್ತೆ ಬೈಯುತ್ತಿದ್ದರು.

ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆ ಬಾವಿ ಬತ್ತಿತು. ಸಿಂಧನೂರಿನ ಕಡೆ ಕಾಲುವೆಗೆ ನೀರು ಬಿಟ್ಟಿದ್ದಾರೆಂದು ಸುದ್ದಿ. ನಮ್ಮಲ್ಲಿ ಕುಡಿಯಲೂ ಇಲ್ಲ. ಇಳಿದು ಹೂಳು ತೆಗೆ, ಇನ್ನಷ್ಟು ಆಳ ಮಾಡು ಎಂದು ಮಾವ ನನ್ನ ಗಂಡನಿಗೆ ಹೇಳಿದರು. ಇಷ್ಟು ವರ್ಷ ನೆನೆದ ಮದ್ದು ಇನ್ನೆಲ್ಲಿ ಸಿಡಿಯುತ್ತದೆ ಎಂಬುದು ಅವರ ವಾದ. ಅಪ್ಪನಿಗೆ ಎಂದೂ ಎದುರಾಡದ ನನ್ನ ಗಂಡ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡ. ನಾನು ತುಂಬಿದ ಬಸುರಿ. ಮೈಯೆಲ್ಲ ಉರಿದುಹೋಯಿತು.

“ಆ ಕುಳಿ ಯಾರ್ದ್ರೀ ಮಾವಾರ?” ಎಂದೆ.

ಹಿತ್ತಲಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಮಾವ ನನ್ನ ಮುಖ ನೋಡದೆ, “ಬಾವಿ ನಮ್ದು. ಕುಳೀನೂ ನಮ್ದ,” ಎಂದರು.

“ನಮ್ದು ಅಂದ್ರ ಯಾರ್ದ್ರೀ? ಇವ್ರು ಕರಾರಿಗೆ ಸಹಿ ಹಾಕಿಲ್ಲಲ್ರೀ.”

ಬೈಯುತ್ತಾರೆ, ತವರಿಗೆ ಅಟ್ಟುತ್ತಾರೆ ಎಂದುಕೊಂಡೆ. ಮಾವ ಮಗನ ಸೊಂಟದ ಹಗ್ಗ ಬಿಚ್ಚಿ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು.

“ಖರೇ ಕೇಳಿದಿ ಯವ್ವಾ,” ಎಂದರು. “ಸಹಿ ನಂದು. ಕುಳಿ ನಂದು.”

ಬೇಡವೆಂದು ಗಂಡ ಕಾಲು ಹಿಡಿದ, ಅತ್ತೆ ಅತ್ತರು. ಮೊಲಕ್ಕೆ ಮೂರೇ ಕಾಲು, ಇಳಿದೇಬಿಟ್ಟರು. ಮೊದಲು ಹೂಳು ತುಂಬಿದ ಬುಟ್ಟಿಗಳು ಮೇಲೆ ಬಂದವು. ಮಧ್ಯಾಹ್ನದ ಹೊತ್ತಿಗೆ ಬಡಗಣ ಮೂಲೆಯಿಂದ ಹಾರೆಯ ಸದ್ದು ಕೇಳತೊಡಗಿತು. ಅದರ ಹಿಂದೆಯೇ ಆ ಐದನೆಯ ಸದ್ದು ಕೇಳಿತು.

ಅತ್ತೆ ಸಾಯುವವರೆಗೂ ನನ್ನ ಕೈಯಿಂದ ನೀರು ಮುಟ್ಟಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಮುಂದಿನ ತಿಂಗಳು ಹುಟ್ಟಿದ ಮಗನನ್ನು ನನ್ನ ಗಂಡನೇ ಎತ್ತಿಕೊಂಡ. ಅವತ್ತು ಮಾವನಿಗೆ ಕೇಳಿದ ಮಾತನ್ನು ಇವತ್ತಾದರೂ ಹಾಗೇ ಕೇಳುತ್ತಿದ್ದೆ.