ಹೂಮಳೆಗೆ ಮೊದಲೇ ಅರಳಿದ ಹೂ

ನಮ್ಮ ತೋಟದಲ್ಲಿ ತೆಗೆದ ಆ ಸಿನಿಮಾ ಚಿಕ್ಕಮಗಳೂರಿನ ಟಾಕೀಸಿನಲ್ಲಿ ಒಂದು ವಾರವೂ ನೆಟ್ಟಗೆ ಓಡಲಿಲ್ಲ. ನೋಡಿದವರಿಗೂ ಅದರ ಕಥೆ ನೆನಪಿರಲಾರದು. ಒಬ್ಬ ಹುಡುಗಿ ಕನಸಿನಲ್ಲಿ ಏನನ್ನು ಮುಟ್ಟುತ್ತಾಳೋ ಅದು ಬೆಳಗ್ಗೆ ಅವಳ ಹಾಸಿಗೆಯಲ್ಲಿರುತ್ತದೆ. ಮೀನು ಹಿಡಿದರೆ ಹಾಸಿಗೆ ಒದ್ದೆ, ಮೋಡ ಮುಟ್ಟಿದರೆ ಕೋಣೆಯ ತುಂಬ ಮಂಜು. ಕೊನೆಕೊನೆಗೆ ತಾನು ಎದ್ದಿದ್ದೇನೋ ಮಲಗಿದ್ದೇನೋ ಎಂದೇ ಅವಳಿಗೆ ತಿಳಿಯುವುದಿಲ್ಲ. ಕೇಳುವುದಕ್ಕೆ ಚಂದ. ಅದು ನಮ್ಮ ಮನೆಯಲ್ಲೇ ನಡೆದ ಮೇಲೆ ನನಗೆ ಅದರಲ್ಲಿ ಚಂದ ಕಾಣಲಿಲ್ಲ.

ತೊಂಬತ್ತರ ದಶಕದ ಕೊನೆ. ಮಲ್ಲಂದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಉಂಡಿದ್ದು ಮರೆಯುತ್ತಿದ್ದರು, ಬಂದ ನೆಂಟರನ್ನು ಮರೆಯುತ್ತಿದ್ದರು. ಕಾಫಿಯನ್ನು ಮಾತ್ರ ಮರೆತಿರಲಿಲ್ಲ. ಅದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋಗುವ ಮೊದಲು ಈ ವರ್ಷದ ಹೂವನ್ನು ಅವರು ಹೂವೆಂದು ಗುರುತಿಸಿ ನೋಡಲಿ ಎನ್ನುವುದಷ್ಟೇ ಅಮ್ಮನ ಆಸೆ. ಆದರೆ ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ಮೊಗ್ಗು ಗಿಡದಲ್ಲಿ ಕಾಯುತ್ತಿತ್ತು, ಅಪ್ಪ ಜಗಲಿಯಲ್ಲಿ ಕಾಯುತ್ತಿದ್ದರು.

ಸಿನಿಮಾದವರಿಗೆ ಒಪ್ಪಿಗೆ ಕೊಟ್ಟಿದ್ದು ಅಪ್ಪನೇ. ಅವರಿಗೆ ಕಡುಬು ಕೊಟ್ಟು ಕಥೆ ಕೇಳಿದರು. “ಹಂಗಾದ್ರೆ ಆ ಹುಡ್ಗಿಗೆ ಮಳೆ ಕನಸು ಬೀಳ್ಲಿ ಮಾರಾಯ್ರೆ, ನಮ್ ತೋಟಕ್ಕೂ ಒಂದಿಷ್ಟು ಬರುತ್ತೆ” ಎಂದು ನಕ್ಕರು. ಸಂಜೆಗೆ ಮರೆತರು.

ಸಿನಿಮಾದವರು ಟ್ಯಾಂಕರ್ ತಂದು ಮನೆ ಪಕ್ಕದ ಗಿಡಗಳ ಮೇಲೆ ಪೈಪಿನಲ್ಲಿ ಮಳೆ ಸುರಿಸಿದರು. ಅಷ್ಟು ನೀರಿಗೆ ಧೂಳೂ ಸರಿಯಾಗಿ ಅಡಗಲಿಲ್ಲ. ಊಟ ಮಾಡಿ ಮಲಗಿದ್ದ ಅಪ್ಪ ಕಿಟಕಿಯಲ್ಲಿ ನೋಡಿ, “ಬಂತು” ಎಂದು ಮಗ್ಗುಲು ಬದಲಿಸಿದರು. ಮಾರನೆಯ ಬೆಳಗಿನ ಶೂಟಿಂಗಿಗೆ ಅದೇ ಗಿಡಗಳಿಗೆ ಬಿಳಿ ಕಾಗದದ ಹೂ ಕಟ್ಟಿದರು. ದೂರದಿಂದ ನೋಡಿದರೆ ನಾನೇ ಮೋಸ ಹೋಗುತ್ತಿದ್ದೆ.

ಮಳೆಯಾಗಿ ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಬೆಳಗ್ಗೆ ಜಗಲಿಗೆ ಬಂದ ಅಪ್ಪ ಹೂ ನೋಡಿ ಹಿಗ್ಗಲಿಲ್ಲ. ಬೆರಳು ಮಡಚಿ ಎಣಿಸತೊಡಗಿದರು.

“ಮಗಾ, ಮಳೆ ಬಂದಿದ್ದು ನಿನ್ನೆ ಅಲ್ವಾ?”

ನಾನು ಬಾಯಿ ತೆರೆಯುವುದರೊಳಗೆ ಅವರೇ, “ಅಲ್ಲ, ಹೂ ಬಿಟ್ಟಿದೆಯಲ್ಲ. ಇಷ್ಟು ದಿನ ನಾನೆಲ್ಲಿದ್ದೆ?” ಎಂದರು.

ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ಸಿನಿಮಾದವ್ರದ್ದು ಅಪ್ಪಾ, ಕಾಗದ” ಎನ್ನುತ್ತ ಓಡಿಹೋಗಿ ಒಂದು ಹೂ ಕಿತ್ತು ತಂದುಕೊಟ್ಟೆ. ಅವರು ಅದನ್ನು ಮೂಗಿಗೆ ಹಿಡಿದರು. “ವಾಸನೆನೂ ಹೋಯ್ತು ನಂಗೆ” ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ನನಗೆ ಅಳು ತಡೆಯಲಾಗಲಿಲ್ಲ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಹೋಗಿ ಸಿನಿಮಾದವರ ಮೇಲೆ ಹರಿಹಾಯ್ದಳು. ಅವರ ಮ್ಯಾನೇಜರ್, ಪಾಪ, ಹೂವಿನ ಡಬ್ಬ, ದಾರ, ಪೈಪು ಎಲ್ಲವನ್ನೂ ತಂದು ಅಪ್ಪನಿಗೆ ತೋರಿಸಿದ. ಅಪ್ಪ ಒಂದೊಂದನ್ನೂ ಮುಟ್ಟಿ ನೋಡಿ ತಲೆಯಾಡಿಸಿದರು. ಅರ್ಥವಾಯಿತು. ಎಲ್ಲವನ್ನೂ ಮರೆಯುತ್ತಿದ್ದವರು ಇದೊಂದನ್ನು ಮರೆಯಲಿಲ್ಲ.

ಸಿನಿಮಾದವರು ಗಂಟುಮೂಟೆ ಕಟ್ಟಿದ ಮೇಲೆ, ಯುಗಾದಿಯ ಹೊತ್ತಿಗೆ, ನಿಜವಾದ ಮಳೆ ಹೊಡೆಯಿತು. “ದೊಡ್ಡ ಟ್ಯಾಂಕರ್ ತಂದಿದಾರೆ” ಎಂದರು ಅಪ್ಪ. ವಾರ ಕಳೆದು ಇಡೀ ತೋಟ ಬೆಳ್ಳಗಾಯಿತು. ಮನೆಯೊಳಗೆಲ್ಲ ಘಮ ತುಂಬಿತು. ಎಷ್ಟು ಕರೆದರೂ ಅಪ್ಪ ಜಗಲಿಗೂ ಬರಲಿಲ್ಲ.

ಮೊದಲೆಲ್ಲ ಹೂ ಬಿಟ್ಟಾಗ ಅಪ್ಪ ಯಾರನ್ನೂ ತೋಟಕ್ಕೆ ಬಿಡುತ್ತಿರಲಿಲ್ಲ. ಮೈ ತಾಗಿ ನಾಲ್ಕು ಹೂ ಉದುರಿದರೂ ಬೈಗುಳ. ಮದುವೆಯಾದ ಹೊಸದರಲ್ಲಿ ಮುಡಿಯಲು ಒಂದು ಗೊಂಚಲು ಕಿತ್ತಿದ್ದಕ್ಕೆ ಅಮ್ಮನ ಜೊತೆ ಮಾತೇ ಬಿಟ್ಟಿದ್ದರಂತೆ. ಅಪ್ಪ ಜಗಲಿಗೂ ಬಾರದ ಆವತ್ತು ಅಮ್ಮ ಸೀದಾ ತೋಟಕ್ಕೆ ಹೋಗಿ, ಹೂ ತುಂಬಿದ ಮೊಳದುದ್ದದ ಗೆಲ್ಲನ್ನೇ ಲಟಕ್ಕನೆ ಮುರಿದು ತಂದು ಅವರ ಮುಂದೆ ಹಿಡಿದಳು.

ಅಪ್ಪ ಮೂಸಿ ನೋಡಿದರು. “ಈ ಸಲ ಚೆನ್ನಾಗ್ ಮಾಡಿದಾರೆ ಮಾರಾಯ್ತಿ, ಸೆಂಟ್ ಬೇರೆ ಹೊಡ್ದಿದಾರೆ” ಎಂದು ಅದನ್ನು ಹಿಂದಕ್ಕೆ ಕೊಟ್ಟರು.

“ಬೈರಿ ನಂಗೆ, ಗೆಲ್ಲೇ ಮುರ್ದಿದೀನಿ” ಎಂದಳು ಅಮ್ಮ. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಅವರು ಬೈಯಲಿಲ್ಲ.